ಕೂತುಕೊಳ್ಳಲಾರದ ಮಾಮಾ, ಕಾಗದ ಕಕ್ಕುವ ಮಷೀನು

ನಮ್ಮ ಮಾಮಾ ಕೂತದ್ದನ್ನು ನೀವೇನಾದರೂ ನೋಡಿದ್ದೀರಾ? ನೋಡಿದ್ದರೆ ದಯವಿಟ್ಟು ನಮ್ಮ ಅಕ್ಕನಿಗೆ ಒಂದು ಮಾತು ತಿಳಿಸಿ. ಆಕೆ ಆ ಮನುಷ್ಯನ ಜೊತೆ ಸಂಸಾರ ಮಾಡಿ, ಮಗಳ ಮದುವೆ ಮಾಡಿ, ಮೊಮ್ಮಗನನ್ನೂ ಆಡಿಸಿಯಾಯಿತು. ಇನ್ನೂ ಆ ದರ್ಶನಭಾಗ್ಯ ಒದಗಿಲ್ಲ! ಮಾಮಾ ಅಂದರೆ ಇದೇ ಅಕ್ಕನ ಗಂಡ. ನಮ್ಮ ಜಮಖಂಡಿ ಕಡೆ ಅಕ್ಕನ ಗಂಡನನ್ನು ಭಾವ ಎಂದು ಕರೆಯುವ ನಾಜೂಕು ಕಡಿಮೆ. ಸೀದಾ ಮಾಮಾ.

ಅವರು ಉಣ್ಣುವುದು ಅಡುಗೆಕಟ್ಟೆಯ ಮುಂದೆ ನಿಂತು. ಚಹಾ ಕುಡಿಯುವುದು ಅಂಗಳದಲ್ಲಿ ಅಡ್ಡಾಡುತ್ತ. ಪೇಪರು ಓದುವುದು ಬಾಗಿಲಿಗೂ ಗೇಟಿಗೂ ನಡುವೆ. ಹೋಗುವಾಗ ಮೊದಲ ಪುಟ, ಬರುವಾಗ ಕೊನೆಯ ಪುಟ. ಮದುವೆಯ ದಿನ ಮಣೆಯ ಮೇಲೂ ತುದಿಗಾಲಲ್ಲೇ ಇದ್ದರಂತೆ. "ಅಕ್ಕಿಕಾಳ ಬೀಳೂತನಕ ಆದ್ರೂ ನೆಟ್ಟಗ ಕೂಡ್ರೋ ಮಾರಾಯಾ" ಎಂದು ಮಂತ್ರ ಹೇಳುತ್ತಿದ್ದ ಅಯ್ಯನವರೇ ಬೇಡಿಕೊಂಡರಂತೆ. ಮೋಟರ್ ಸೈಕಲ್ ಮೇಲೆ ಕೂರುತ್ತಾರಲ್ಲ ಅಂತ ನೀವು ಕೇಳಬಹುದು. ಓಡುವ ವಸ್ತುವಿನ ಮೇಲೆ ಕೂತರೆ ಅದು ಕೂತ ಲೆಕ್ಕವಲ್ಲ ಎನ್ನುವುದು ಅವರ ಸಿದ್ಧಾಂತ. ನನ್ನ ಕಾರಿನಲ್ಲಿ ಕೂತರೂ ಮೊಣಕಾಲು ಕುಣಿಯುತ್ತಿರುತ್ತದೆ, ಅದರ ಜೊತೆ ಕಾರೂ ಕುಣಿಯುತ್ತದೆ.

ಇದರಲ್ಲಿ ಅವರ ತಪ್ಪಿಗಿಂತ ನೌಕರಿಯ ತಪ್ಪು ಹೆಚ್ಚು ಅಂತ ನನ್ನ ಅನಿಸಿಕೆ. ಅವರು ಮನೆ ಮನೆಯ ಕರೆಂಟಿನ ಮೀಟರ್ ಓದುವವರಾಗಿದ್ದರು. ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ, ಎಲ್ಲಿಗೆ ಹಾಕಿದರೆ ಅಲ್ಲಿ ಓಣಿ ಓಣಿ ತಿರುಗಿದವರು. ಯಾರ ಮನೆಯ ಮೀಟರ್ ಎಲ್ಲಿದೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರು ಮಜ್ಜಿಗೆ ಕೊಡುತ್ತಾರೆ, ಯಾರು ಬರೀ ಉಪದೇಶ ಕೊಡುತ್ತಾರೆ ಎಲ್ಲವೂ ಅವರ ತಲೆಯಲ್ಲಿದೆ. ರಿಟೈರ್ ಆದ ದಿನ ಅಕ್ಕ ನನಗೆ ಫೋನ್ ಮಾಡಿ ಅತ್ತಳು. "ನಾಳಿಯಿಂದ ಮನ್ಯಾಗ ಇರ್ತಾರ ತಮ್ಮಾ. ಅವರು ಒಳಗ ಅಡ್ಡಾಡಿದ್ರ ನಾ ಎಲ್ಲಿ ನಿಂದರ್ಲಿ?" ನಾನು ನಕ್ಕೆ. ನಗಬಾರದಿತ್ತು, ಯಾಕೆಂದರೆ ಆ ಮನುಷ್ಯ ಮನೆಯಲ್ಲಿ ಉಳಿಯಲಿಲ್ಲ. ನನ್ನ ಕಾರು ಹತ್ತಿದರು!

ರಬಕವಿಯ ಒಂದು ಗುಜರಿ ಅಂಗಡಿಯ ಮುಂದೆ ಅವರ ಕಣ್ಣಿಗೆ ಒಂದು ಮಷೀನು ಬಿತ್ತು. ಹಳೆಯ ಕಾಲದ ಲೆಕ್ಕದ ಮಷೀನು. ಈಗಿನ ಅಂಗೈಯಗಲದ ಕ್ಯಾಲ್ಕುಲೇಟರ್ ಅಲ್ಲ, ಮೇಜಿನ ಮೇಲೆ ಇಟ್ಟರೆ ಮೇಜು ಒಮ್ಮೆ ಉಸಿರು ಬಿಡುವಂಥದ್ದು. ತಲೆಯ ಮೇಲೆ ಕಾಗದದ ಸುರುಳಿ, ಹೊಟ್ಟೆಯಲ್ಲಿ ಅರ್ಧ ಕರಿ ಅರ್ಧ ಕೆಂಪು ರಿಬ್ಬನ್ನು. ಕೂಡಿಸಿದರೆ ಕರಿ ಅಂಕಿ, ಕಳೆದರೆ ಕೆಂಪು ಅಂಕಿ. ಗುಂಡಿ ಒತ್ತಿದ ಕೂಡಲೇ ಒಳಗಿನ ಸಿಲಿಂಡರು ಗರಗರ ತಿರುಗಿ, ಸುತ್ತಿಗೆಗಳು ಟಕಟಕ ಬಡಿದು, ಕಾಗದ ಹಾವಿನಂತೆ ಹೊರಗೆ ಬರುತ್ತದೆ. ಒಂದು ಕಾಲಕ್ಕೆ ನೂಲಿನ ಅಂಗಡಿ, ಬೆಲ್ಲ ಮಾರಿಸಿಕೊಡುವ ಅಡತಿ, ಸೊಸಾಯಿಟಿ, ಬ್ಯಾಂಕು ಎಲ್ಲ ಕಡೆ ಇದೇ ಸದ್ದು.

ಆ ಮಷೀನನ್ನು ಮನೆಗೆ ತಂದು ಪಡಸಾಲೆಯಲ್ಲಿ ಇಟ್ಟು ಸ್ವಿಚ್ ಹಾಕಿದರು. ಗೋಡೆಯ ಮೇಲಿನ ಕ್ಯಾಲೆಂಡರು ನಡುಗಿತು. ಅಡುಗೆಮನೆಯಿಂದ ಅಕ್ಕ ಓಡಿ ಬಂದಳು. "ಏನ್ರೀ, ಮನ್ಯಾಗ ಮಗ್ಗ ಹಾಕಿದ್ರೇನು?"

"ಮಗ್ಗ ಅಲ್ಲಲೇ, ಎರಡಕ್ಕ ಎರಡು ಕೂಡಸಾಕತ್ತೇನಿ."

"ಎರಡಕ್ಕ ಎರಡು ಕೂಡಿಸಿದ್ರ ಇಷ್ಟ್ ಬೊಬ್ಬಿ ಯಾಕ? ನಾಲ್ಕು ಅಂತ ನಾ ಸಾವಕಾಶ ಹೇಳ್ತಿದ್ನಲ್ಲ!"

ಅಷ್ಟರಲ್ಲಿ ಫ್ಯೂಸ್ ಹಾರಿತು. ಬಾಳೆಲ್ಲ ಊರಿನ ಕರೆಂಟು ಅಳೆದವರ ಮನೆಯಲ್ಲಿ ಆ ಸಂಜೆ ಮೇಣದಬತ್ತಿ ಉರಿಯಿತು.

ಇಲ್ಲಿ ನನ್ನ ಪರಿಚಯವನ್ನೂ ಹೇಳಿಬಿಡಬೇಕು. ನಾನು ಜಮಖಂಡಿಯಲ್ಲಿ ಸಾಲಿ ಮಾಸ್ತರ, ಗಣಿತ ಕಲಿಸುವವನು. ಕ್ಲಾಸಿನಲ್ಲಿ ಕ್ಯಾಲ್ಕುಲೇಟರ್ ಕಂಡರೆ ಕಸಿದುಕೊಳ್ಳುವುದು ನನ್ನ ಧರ್ಮ. ನನಗೆ ರವಿವಾರ ಅಂದರೆ ಚಾದರ, ದಿಂಬು, ಮಧ್ಯಾಹ್ನದ ತನಕ ಮೌನ. ಇಂಥ ನನ್ನ ರವಿವಾರಗಳು ಕ್ಯಾಲ್ಕುಲೇಟರ್ ಹುಡುಕುವುದರಲ್ಲಿ ಹೋಗಬೇಕೆಂದು ಯಾವ ಪುಣ್ಯಾತ್ಮ ಬರೆದನೋ! ಬೆಳಗಾಗುವುದರೊಳಗೆ ಗೇಟಿನ ಮುಂದೆ ದನಿ: "ಏ ಮಾಸ್ತರ, ಏಳಲೇ! ಬೀಳಗ್ಯಾಗ ಒಂದ್ ಸಿಕ್ಕೈತಂತ!"

"ಮಾಮಾ, ಅದೇನ ಓಡಿ ಹೋಕ್ಕೈತೇನು?"

"ಅದು ಓಡಂಗಿಲ್ಲ. ಅದಕ್ಕ ನಾವು ಓಡಬೇಕು."

ನಾನು ಪ್ಯಾಂಟು ಹಾಕಿಕೊಂಡೆ.

ಇಷ್ಟೆಲ್ಲ ಓಡಾಟ ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮಾಮಾನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಷೀನು. ಅವರ ತಾಯಿಯದು. ಆಕೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬನಹಟ್ಟಿಯಲ್ಲಿ ಒಬ್ಬಳೇ ನೂಲಿನ ಅಂಗಡಿ ನಡೆಸಿದವಳು. ಗಂಡಸರ ಪೇಟೆಯಲ್ಲಿ ಗಾದಿಯ ಮೇಲೆ ಕೂತು, ಮೊಳಕೈಯಿಂದ ಸೆರಗು ಸರಿಸಿ, ಆ ಮಷೀನಿನ ಗುಂಡಿ ಒತ್ತುತ್ತಿದ್ದರೆ ನೋಡಲಿಕ್ಕೆ ಮಂದಿ ನಿಲ್ಲುತ್ತಿದ್ದರಂತೆ. ಮಾಮಾನಿಗೆ ನೌಕರಿ ಸಿಕ್ಕು ಬೀಳಗಿಯ ಓಣಿಗಳಲ್ಲಿ ಮೀಟರ್ ಓದುತ್ತಿದ್ದಾಗಲೇ ಆಕೆ ತೀರಿಕೊಂಡಳು. ಅಂಗಡಿ ಮುಚ್ಚಿತು. ತಕ್ಕಡಿ, ಕಪಾಟು, ಮಷೀನು ಎಲ್ಲ ಯಾರ್ಯಾರದೋ ಗಾಡಿ ಹತ್ತಿ ಹೋದವು. ಆಕೆಯದು ಒಂದೇ ಫೋಟೋ ಇತ್ತು. ಕೃಷ್ಣಾ ಹೊಳೆ ಏರಿ ಬಂದ ವರ್ಷ ಅದು ನೆನೆದು, ಮುಖ ಇದ್ದಲ್ಲಿ ಈಗ ಒಂದು ಕಲೆ. ಅಕ್ಕ ಅತ್ತೆಯ ಮುಖ ನೋಡಿದವಳಲ್ಲ, ನಾನಂತೂ ಮೊದಲೇ ಅಲ್ಲ. ಆ ಮಷೀನು ಸಿಕ್ಕಿಬಿಟ್ಟರೆ ಸಾಕು ಅನ್ನುವುದು ಮಾಮಾನ ಒಂದೇ ಹಟ. ಉಳಿದವೆಲ್ಲ ಹುಡುಕುವ ದಾರಿಯಲ್ಲಿ ಮನೆ ಸೇರಿದ ಬೀಗರು.

"ಎಲ್ಲಾ ಒಂದ ನಮೂನಿ ಅದಾವಲ್ಲ ಮಾಮಾ. ನಿಮ್ಮ ಅವ್ವಂದು ಅಂತ ಹ್ಯಾಂಗ ಗುರ್ತ ಹಿಡೀತೀರಿ?" ಎಂದು ಕೇಳಿದೆ.

"ಹಣಿ ನೋಡಿ."

"ಮಷೀನಿಗೆ ಹಣಿ ಎಲ್ಲಿಂದ ಬಂತ್ರಿ?"

"ನೀ ಮೊದಲ ಗಾಡಿ ನೋಡಿ ಹೊಡಿ" ಎಂದು ಮಾತು ಮುರಿದರು. ಮುಂದೆಯೂ ಅಷ್ಟೇ. ಏನು ಕೇಳಿದರೂ ಹೇಳುವವರು ಇದೊಂದನ್ನು ಹೇಳಲಿಲ್ಲ.

ಆದರೆ ಅವರ ಸಂಶೋಧನೆಯನ್ನು ಮೆಚ್ಚಲೇಬೇಕು. ಮಷೀನು ಕೈಗೆ ಬಂದ ಕೂಡಲೇ ಅಕ್ಕನ ತಲೆಪಿನ್ನು ತೆಗೆದುಕೊಂಡು ಅದರ ಸಂದಿಗೊಂದಿ ಕೆದರುತ್ತಾರೆ. ಕೆದರಿದ್ದನ್ನು ಅಂಗೈ ಮೇಲೆ ಹಾಕಿಕೊಂಡು ಮೂಸುತ್ತಾರೆ. ಒಳಗೆ ಬಣ್ಣಬಣ್ಣದ ಅರಳೆಯ ಧೂಳಿದ್ದರೆ ಬನಹಟ್ಟಿಯದು. ಸೀರೆಯ ಯಾವ ಅಂಚು ಯಾವಾಗ ನಡೆಯುತ್ತಿತ್ತು ಅಂತಲೂ ಆ ಧೂಳಿನ ಬಣ್ಣದಿಂದಲೇ ಹೇಳುತ್ತಾರೆ. ಅಂಟು ಅಂಟಾಗಿದ್ದರೆ ಮುಧೋಳದ ಬೆಲ್ಲದ ಅಡತಿಯದು. ಅರಿಸಿನದ ಹುಡಿ, ಅಂದರೆ ಭಂಡಾರ, ಇದ್ದರೆ ಬೀರೇಶ್ವರನ ಒಕ್ಕಲಿನವರ ಮನೆಯದು. ನಮ್ಮ ಕಡೆ ದೀಪಾವಳಿ ಅಮಾವಾಸ್ಯೆಗೆ ಅಂಗಡಿಯ ಲಕ್ಷ್ಮೀಪೂಜೆಯಲ್ಲಿ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಜೊತೆಗೆ ಲೆಕ್ಕದ ಮಷೀನಿಗೂ ವಿಭೂತಿ, ಕುಂಕುಮ ಹಚ್ಚುತ್ತಾರಲ್ಲ? ಮೊದಲಿನದನ್ನು ಒರೆಸುವ ಪದ್ಧತಿ ಇಲ್ಲ. ಹಳೆಯದರ ಮೇಲೇ ಹೊಸದು. ಆ ಪದರ ನೋಡಿ ಮಷೀನು ಎಷ್ಟು ದೀಪಾವಳಿ ಕಂಡಿದೆ ಅಂತ ಮಾಮಾ ಹೇಳುತ್ತಾರೆ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದ ಹಾಗೆ.

ಇನ್ನೂ ಒಂದು ಶೋಧ. ಈ ಮಷೀನುಗಳ ಮೈ ಮೊದಲು ಬೆಳ್ಳಗಿರುತ್ತದಂತೆ, ಬೆಳಕು ತಾಗಿ ತಾಗಿ ಹಳದಿಯಾಗುತ್ತದಂತೆ. ಒಮ್ಮೆ ಒಂದರ ಮೇಲಿದ್ದ ದೇವರ ಸ್ಟಿಕರ್ ಕಿತ್ತು ತೋರಿಸಿದರು. ಅಡಿಯಲ್ಲಿ ಹೊಸದರ ಹಾಗೆ ಬೆಳ್ಳಗೆ ಚೌಕ! "ಮುಚ್ಚಿದಲ್ಲಿ ಹಂಗ ಉಳೀತೈತಿ ನೋಡ ಮಾಸ್ತರ." ನಾನು ಅವರ ಕೈಗಡಿಯಾರ ಸರಿಸಿ ಅಲ್ಲಿಯ ಬಿಳಿ ಪಟ್ಟೆ ತೋರಿಸಿದೆ. "ನೀವೂ ಹೊಸದಿದ್ದಾಗ ಛಲೋ ಇದ್ರಿ ಮಾಮಾ" ಎಂದೆ. ಅಕ್ಕ ಒಳಗಿನಿಂದ "ಖರೆ ಐತಿ" ಅಂದಳು.

ಮುಧೋಳದ ಬೆಲ್ಲದ ಮಷೀನಿನ ಕಥೆ ಕೇಳಿ. ಅಡತಿಯ ಮೂಲೆಯಲ್ಲಿ ಗೋಣಿಚೀಲದಡಿ ಇದ್ದದ್ದನ್ನು ಮಾಮಾ ಕಾರಿನ ಹಿಂದಿನ ಸೀಟಿನಲ್ಲಿ, ಮದುಮಗಳನ್ನು ಕೂರಿಸಿದಂತೆ ಕೂರಿಸಿದರು. ಅರ್ಧ ದಾರಿಗೆ ನನ್ನ ಕುತ್ತಿಗೆಗೆ ಏನೋ ಚುರುಕ್ ಎಂದಿತು. ಆಮೇಲೆ ಬೆನ್ನಿಗೆ. ಆಮೇಲೆ ಹೇಳಬಾರದ ಜಾಗಕ್ಕೆ. ಗಾಡಿ ನಿಲ್ಲಿಸಿ ನೋಡುತ್ತೇನೆ, ಮಷೀನಿನ ಗುಂಡಿ ಗುಂಡಿಯ ಸಂದಿಯಿಂದ ಕೆಂಪಿರುವೆಗಳು ಸಾಲುಗಟ್ಟಿ ಹೊರಟಿವೆ! ನಾನು ರಸ್ತೆಯ ಮೇಲೆ ಅಂಗಿ ಕಳಚಿ ಕುಣಿಯುತ್ತಿದ್ದರೆ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು ಹುರುಪು ತುಂಬಿದ. ಮಾಮಾ ಮಾತ್ರ ಬಗ್ಗಿ ಇರುವೆಗಳನ್ನು ನೋಡುತ್ತಿದ್ದರು. "ಒಳಗಿನ ರಬ್ಬರ ಪಟ್ಟಾ ಸವದಿಲ್ಲ ನೋಡು. ಸವದಿದ್ರ ಇರಿವಿ ಗೂಡ ಕಟ್ಟತಿದ್ದಿಲ್ಲ." ಆ ಪಟ್ಟಾ ಸುಡಲಿ ಅಂತ ನಾನು ಅಂದುಕೊಂಡೆ. ಆಮೇಲೆ ಒಂದು ವಾರ ನನ್ನ ಹೆಂಡತಿ ಆ ಕಾರು ಹತ್ತಲಿಲ್ಲ.

ಅದಕ್ಕಿಂತ ಜೋರು ಸಾವಳಗಿಯದು. ಅಲ್ಲೊಬ್ಬ ಅಜ್ಜಿಯ ಮನೆಯಲ್ಲಿ ಮಷೀನು ಇದೆ ಎಂದು ಸುದ್ದಿ. ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಹೋಗಿ ನೋಡಿದರೆ ಮಷೀನು ಸೀದಾ ದೇವರ ಗೂಡಿನಲ್ಲಿ! ಮೈತುಂಬ ಭಂಡಾರ, ಕೊರಳಿಗೆ ಚೆಂಡುಹೂವಿನ ಮಾಲೆ, ಮುಂದೆ ನಂದಾದೀಪ. ಉಣ್ಣೆಯ ಸೊಸಾಯಿಟಿ ಮುಚ್ಚಿದಾಗ ಅಜ್ಜಿಯ ಗಂಡ ಮನೆಗೆ ತಂದಿದ್ದನಂತೆ. ಒಂದು ದೀಪಾವಳಿಗೆ ಪೂಜೆ ಮಾಡಿದರು, ಇನ್ನೊಂದಕ್ಕೆ ಮಾಡಿದರು, ಬಿಡಲಿಕ್ಕೆ ಹೆದರಿಕೆ ಬಂದು ದಿನಾ ಮಾಡತೊಡಗಿದರು.

"ಅಜ್ಜೀ, ಅದು ಲೆಕ್ಕದ ಮಷೀನವಾ" ಎಂದು ಮಾಮಾ ಮೆಲ್ಲಗೆ ಹೇಳಿದರು.

"ಗೊತ್ತೈತೋ ಯಪ್ಪಾ. ಮಂದಿ ಪಾಪ ಪುಣ್ಯದ ಲೆಕ್ಕಾ ದೇವರ ಅಲ್ದ ಮತ್ಯಾರ ಇಡ್ತಾರ?"

ಮಾಮಾ ದೇವರ ಗೂಡಿನ ಹತ್ತಿರ ಸರಿದರು. ಬಗ್ಗಿ, ಇಣುಕಿ, ಭಂಡಾರದಡಿ ಮಷೀನಿನ ಹಣೆ ಹುಡುಕಿದರು. ಅವರ ಮುಖ ಸಣ್ಣದಾಯಿತು, ಅಂದರೆ ಅದಲ್ಲ. "ಕೊಡ್ತೀಯೇನವಾ?" ಅಂತ ಆದರೂ ಬಾಯಿ ಸುಮ್ಮನಿರಲಿಲ್ಲ. ಅಜ್ಜಿ ಮೂಲೆಯಲ್ಲಿದ್ದ ಕುರಿ ಕಾಯುವ ಕೋಲಿನ ಕಡೆ ನೋಡಿದಳು. "ದೇವರನ್ನ ಕೇಳಾಕ ಬಂದಾರ ನೋಡ್ರಿ ಶಾಣ್ಯಾರು!" ಕೊನೆಗೆ ನಮ್ಮಿಬ್ಬರಿಂದ ಕೈ ಮುಗಿಸಿ, ಹಣೆಗೆ ಭಂಡಾರ ಬಡಿದು, ಸಜ್ಜಿ ರೊಟ್ಟಿ, ಕೆಂಪು ಚಟ್ನಿ ಕಟ್ಟಿಕೊಟ್ಟಳು. ಕ್ಯಾಲ್ಕುಲೇಟರಿಗೆ ಕೈ ಮುಗಿದ ಗಣಿತ ಮಾಸ್ತರ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ರೊಟ್ಟಿ ಮಾತ್ರ ರುಚಿಯಾಗಿತ್ತು.

ಹೀಗೆ ಮಾಮಾನ ಮನೆಯ ಒಂದು ಖೋಲಿ, ಅಂದರೆ ಕೋಣೆ, ತುಂಬಿತು. ಕಪಾಟಿನ ಮೇಲೆ, ಮಂಚದ ಮೇಲೆ, ಮಂಚದ ಕೆಳಗೆ ಮಷೀನುಗಳು. ಫ್ಯೂಸಿಗೆ ದಪ್ಪ ತಂತಿ ಹಾಕಿಯಾಗಿತ್ತು, ಆದರೆ ಕರೆಂಟು ಹೋದಾಗ ಯಾವ ಯಾವುದರ ಸ್ವಿಚ್ ಹಾಕಿದೆ ಅನ್ನುವುದು ಮಾಮಾನಿಗೆ ನೆನಪಿರುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಹೆಂಡತಿಯ ಸೋದರಮಾವ ಅಕ್ಕನನ್ನು ಮಾತಾಡಿಸಲು ಬಂದವರು ಅದೇ ಖೋಲಿಯಲ್ಲಿ ಅಡ್ಡಾಗಿದ್ದರು. ಕರೆಂಟು ಬಂತು. ಅಷ್ಟೂ ಮಷೀನುಗಳು ಒಮ್ಮೆಗೇ ಗರ್ರ್ ಎಂದು ಎದ್ದವು! ಆ ಹಿರಿಯರು ಧೋತರ ಒಂದು ಕಡೆ, ತಾವು ಒಂದು ಕಡೆ, ಅಂಗಳಕ್ಕೆ ಬಂದು ನಿಂತರು. "ಭೂಮಿ ನಡುಗೈತಿ, ಎಲ್ಲಾರೂ ಹೊರಗ ಬರ್ರೀ!" ಎಂದು ಓಣಿ ಕೂಗಿ ಕರೆದರು. ಓಣಿಯವರು ಬಂದರು, ಹಿರಿಯರನ್ನು ನೋಡಿದರು, ಮುಖ ತಿರುಗಿಸಿದರು. ಮಾಮಾ ಮಾತ್ರ ಬಾಗಿಲಲ್ಲಿ ನಿಂತು ಖುಷಿಯಲ್ಲಿದ್ದರು. "ಎಲ್ಲಾ ಚಾಲೂ ಅದಾವ ನೋಡು!"

ಅವತ್ತೇ ಅಕ್ಕನ ತಾಳ್ಮೆ ಮುಗಿಯಿತು. "ದೀಪಾವಳಿಗೆ ಮನಿಗೆ ಸುಣ್ಣಾ ಹೊಡಸಬೇಕು. ಅಷ್ಟೊತ್ತಿಗೆ ಆ ಖೋಲಿ ಖಾಲಿ ಆಗಬೇಕು. ನಿಮ್ಮ ಅವ್ವನ ಮಷೀನ್ ಸಿಗಲಿ, ಸಿಗದ ಇರಲಿ. ಸಿಕ್ಕರ ಅದೊಂದು ಇರಲಿ, ನಾನ ಪೂಜಾ ಮಾಡ್ತೀನಿ. ಇಲ್ಲಂದ್ರ ಎಲ್ಲಾ ಹೊರಗ. ಹುಡಕೂದೂ ಬಂದ್."

ನಾನು ಮನಸ್ಸಿನಲ್ಲೇ ಚಪ್ಪಾಳೆ ಹೊಡೆದೆ. ನನ್ನ ರವಿವಾರಗಳು ಮರಳಿ ಬರುವ ಕಾಲ! ಆದರೆ ಮಾಮಾ ಸೀದಾ ಅಂಗಳಕ್ಕೆ ಇಳಿದರು. ಅಡ್ಡಾಡುವ ಅವರ ಚಪ್ಪಲಿಯ ಸದ್ದು ಹೆಚ್ಚಾಯಿತು. ಮರುದಿನದಿಂದ ರವಿವಾರವೂ ಇಲ್ಲ, ಸೋಮವಾರವೂ ಇಲ್ಲ. ಬನಹಟ್ಟಿಯ ಹಳೆಯ ಹಮಾಲರು, ನೂಲಿನ ದಲಾಲರು, ಚಹಾದಂಗಡಿಯವರು, ಎಲ್ಲರ ಬಾಗಿಲು ತಟ್ಟಿದರು. ನಾನು ಸಾಲಿಯಿಂದ ಬರುವಷ್ಟರಲ್ಲಿ ಗೇಟಿನ ಮುಂದೆ ನಿಂತಿರುತ್ತಿದ್ದರು. ಹೊಟ್ಟೆಗೆ ಸರಿಯಾಗಿ ತಿನ್ನದೆ ಕಣ್ಣು ಒಳಗೆ ಹೋಗಿದ್ದವು. ಬೈಯಬೇಕೆಂದು ಬಾಯಿ ತೆರೆದವನು ಕಾರಿನ ಬಾಗಿಲು ತೆರೆಯುತ್ತಿದ್ದೆ.

ಸುಣ್ಣದವರು ಬರುವ ವಾರ ಬನಹಟ್ಟಿಯ ಒಬ್ಬ ಮುದಿ ಹಮಾಲ ನೆನಪು ಮಾಡಿಕೊಂಡ. ಆ ಅಂಗಡಿಯ ಸಾಮಾನು ಗಾಡಿಗೆ ಹೇರಿದವನು ಅವನೇ. ಕಪಾಟು, ಮಷೀನು ಬನಹಟ್ಟಿಯಿಂದ ರನ್ನ ಬೆಳಗಲಿ ಊರಿಗೆ ಮದುವೆ ಮಾಡಿ ಕೊಟ್ಟ ಒಬ್ಬ ಹೆಣ್ಣುಮಗಳ ಮನೆಗೆ ಹೋದವಂತೆ. ಮಾಮಾ ಅಲ್ಲಿಯ ನಂಬರ್ ಹುಡುಕಿ ಫೋನ್ ಮಾಡಿದರು. ಅತ್ತ ಕಡೆ ಒಬ್ಬ ಹೆಣ್ಣುಮಗಳು ಮಾತಾಡಿದಳು. "ಐತ್ರಿ. ನಮ್ಮ ಅತ್ತಿ ಬನಹಟ್ಟಿಯಿಂದ ತರಿಸಿದ್ರು. ಕಿಟಕ್ಯಾಗಿನ ಹಲಗಿ ಮ್ಯಾಲ ಐತಿ. ಬರ್ರಿ."

"ನಾಳೆ ಬರ್ತೀವ್ರಿ. ಮ್ಯಾಲ ವಿಭೂತಿ ಐತೇನ್ರಿ?"

"ಐತ್ರಿ, ಗಟ್ಟಿ ಕುಂತೈತಿ."

ಮರುದಿನ ದಾರಿಯುದ್ದಕ್ಕೂ ಮಾಮಾನ ಮೊಣಕಾಲು ಕುಣಿಯಲಿಲ್ಲ. ನನಗೆ ಹೆದರಿಕೆಯಾಯಿತು. ಎರಡು ಸಲ ತಿರುಗಿ ನೋಡಿದೆ, ಮೈಯಲ್ಲಿ ಹುಷಾರಿಲ್ಲವೇನೋ ಅಂತ.

ರನ್ನ ಬೆಳಗಲಿಯ ಆ ಮನೆಯ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಮನೆಯ ಸೊಸೆ ನಗುನಗುತ್ತ ನೀರು ಕೊಟ್ಟಳು, ಚಹಾ ಇಟ್ಟಳು. ಆಮೇಲೆ ಒಳಗಿನಿಂದ ಮಷೀನು ತಂದು ಕಟ್ಟೆಯ ಮೇಲಿಟ್ಟು, ಅದರ ಮೇಲಿನ ಟವೆಲ್ ತೆಗೆದಳು. ಫಳಫಳ ಹೊಳೆಯುತ್ತಿತ್ತು! ಒಂದು ಚೂರು ವಿಭೂತಿ ಇಲ್ಲ, ಕುಂಕುಮ ಇಲ್ಲ, ಧೂಳಿಲ್ಲ. ಗುಂಡಿಯ ಸಂದಿಯಿಂದ ಇನ್ನೂ ನೀರು ಜಿನುಗುತ್ತಿತ್ತು.

"ತೊಳದ್ರೇನ್ರಿ?" ಎಂದರು ಮಾಮಾ.

"ಮತ್ತ! ನೀವು ಅಷ್ಟ್ ದೂರದಿಂದ ಬರ್ತೀರಿ ಅಂದ್ರ ಹಂಗ ಜಿಡ್ಡ ಇಡಾಕ ಆಕೈತೇನ್ರಿ? ನಮ್ಮತ್ತಿ ಇರೂತನಕ ದೇವರ ವಿಭೂತಿ ಅಂತ ಯಾರಿಗೂ ಮುಟ್ಟಗೊಡಲಿಲ್ಲ. ನಿನ್ನಿ ನಿಮ್ಮ ಫೋನ್ ಬಂದ ಮ್ಯಾಲ ಹುಣಸಿಹಣ್ಣು, ಸೋಪಿನ ಪುಡಿ ಹಾಕಿ ಕೈ ನೋಯೂಮಟ ತಿಕ್ಕೇನಿ ನೋಡ್ರಿ. ಮುಂಜಾನಿ ಮಾಳಿಗಿ ಮ್ಯಾಲ ಬಿಸಿಲಿಗೂ ಇಟ್ಟಿದ್ನಿ."

ಆಕೆಯನ್ನು ಏನಂತ ಬೈಯುತ್ತೀರಿ? ನಮ್ಮ ಕಡೆ ಮನೆಗೆ ಯಾರಾದರೂ ಬರುತ್ತಾರೆಂದರೆ ಹಿತ್ತಾಳೆ ಚರಿಗೆಯಿಂದ ಹಿಡಿದು ಎಮ್ಮೆಯ ತನಕ ತೊಳೆದು ಇಡುವುದೇ ಮರ್ಯಾದೆ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಹುಣಸೆಹಣ್ಣಿನಲ್ಲಿ ತಿಕ್ಕಿದ ಕ್ಯಾಲ್ಕುಲೇಟರ್! ಅವತ್ತು ನಗು ಬರಲಿಲ್ಲ. ಮಾಮಾ ಮೆಣಸಿನಕಾಯಿಯ ಸುತ್ತ ಒಂದು ಸುತ್ತು ಹಾಕಿದರು, ನಿಂತಿದ್ದ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿದರು. ಮಷೀನಿನ ಹತ್ತಿರ ಮಾತ್ರ ಬರಲಿಲ್ಲ.

"ನಡಿ ಮಾಸ್ತರ, ಹೋಗೂಣು" ಎಂದರು. "ಇನ್ನ ಏನ್ ನೋಡೂದೈತಿ."

ಇಷ್ಟು ವರ್ಷ ನಾನು ಕಾಯುತ್ತಿದ್ದ ಮಾತು ಅದೇ. ಆದರೆ ಅವರ ಮುಖ ನೋಡಿ ನನಗೆ ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು ಬಂತು. "ಇಲ್ಲಿತನಕ ಬಂದು ಒಮ್ಮಿ ನೋಡದ ಹೋಗೂದೇನ್ರಿ?" ಎಂದು ಒದರಿ, ಆ ಭಾರದ ಮಷೀನನ್ನು ಎತ್ತಿ ಬಿಸಿಲಿಗೆ ಹಿಡಿದೆ. ಮೈಯೆಲ್ಲ ಹಳೆಯ ಬೆಣ್ಣೆಯ ಹಾಗೆ ಹಳದಿ. ಕಾಗದದ ಸುರುಳಿಯ ಕೆಳಗೆ, ಗುಂಡಿಗಳ ಮೇಲ್ಗಡೆ, ಬೆಳ್ಳಗೆ ಏನೋ ಕಂಡಿತು. ತಿಕ್ಕುವಾಗ ಸರಿಯಾಗಿ ಹೋಗಿಲ್ಲವೇನೋ ಎಂದು ಬೆರಳಿನಿಂದ ಉಜ್ಜಿದೆ. ಬರಲಿಲ್ಲ. ಅದು ಮೇಲೆ ಹಚ್ಚಿದ್ದಲ್ಲ. ವಿಭೂತಿ ಕೂತಿದ್ದ ಜಾಗದಲ್ಲಿ ಮಷೀನಿನ ಮೈ ಹಳದಿಯಾಗಿರಲಿಲ್ಲ, ಅಷ್ಟೇ.

"ಮಾಮಾ, ಇಲ್ಲಿ ವಿಭೂತಿ ಗೆರಿ ಉಳದಾವ್ರಿ. ಮೂರು. ನಡುವಿನದು ಯಾಕೋ ಅರ್ಧಕ್ಕ ನಿಂತೈತಿ."

ಗೇಟಿನ ತನಕ ಹೋಗಿದ್ದವರು ತಿರುಗಿದರು. ಬಂದರು. ಬಗ್ಗಿ ನೋಡಿದರು. ಆಮೇಲೆ ಆ ಮನೆಯ ಅಂಗಳದಲ್ಲಿ, ಮೆಣಸಿನಕಾಯಿಯ ಪಕ್ಕ, ಬರೀ ನೆಲದ ಮೇಲೆ, ನಮ್ಮ ಮಾಮಾ ಕೂತರು.

ಖರೇನ ಕೂತರು. ಚಕ್ಕಳ ಬಕ್ಕಳ ಹಾಕಿ. ನಾನು ಮಷೀನನ್ನು ಅವರ ತೊಡೆಯ ಮೇಲೆ ಇಟ್ಟೆ.

"ಅವ್ವನ ನಡುವಿನ ಬೆರಳಿಗೆ ತುದಿ ಇದ್ದಿದ್ದಿಲ್ಲ" ಎಂದರು. "ನಾ ಹುಟ್ಟೂಕಿಂತ ಮೊದಲ ಮಗ್ಗದಾಗ ಸಿಕ್ಕು ಹೋಗಿತ್ತು. ದಿನಾ ಸಾಲಿಗೆ ಹೋಗೂ ಮುಂದ ನನ್ನ ಹಣಿಗೆ ವಿಭೂತಿ ಹಚ್ಚತಿದ್ಲು. ನಡುವಿನ ಗೆರಿ ಹಿಂಗ, ಅರ್ಧಕ್ಕ ನಿಲ್ಲತಿತ್ತು. ಹುಡುಗರು ನಗ್ತಿದ್ರು. ನಾ ಏನ್ ಮಾಡ್ತಿದ್ನಿ ಗೊತ್ತೇನು? ಓಣಿ ದಾಟಿದ ಕೂಡ್ಲೆ ಬೆರಳಿಗೆ ಉಗುಳ ಹಚ್ಚಿ, ಆ ಗೆರಿ ಉದ್ದ ಮಾಡ್ಕೊಂಡು ಹೋಗ್ತಿದ್ನಿ. ಅವ್ವಗ ಒಂದ್ ದಿನಾನೂ ಹೇಳಲಿಲ್ಲ."

ಗೆರೆಯ ಮೇಲೆ ಕೈಯಾಡಿಸಿದರು. "ಇದು ನೋಡು. ಹಂಗ ಇಟ್ಟಕೊಂಡೈತಿ."

ಮನೆಯ ಸೊಸೆಗೆ ಈಗ ಅರ್ಥವಾಗಿತ್ತು. ಸೆರಗನ್ನು ಬಾಯಿಗೆ ಹಿಡಿದು, "ನಾ ತೊಳದದ್ದು ತಪ್ಪಾತೇನ್ರಿ ಯಣ್ಣಾ?" ಎಂದು ಕೇಳಿದಳು.

"ಇಲ್ಲಬೇ ತಂಗಿ. ನೀ ತೊಳದಿದ್ದಿಲ್ಲಂದ್ರ ಇದು ಹಿಂಗ ಕಾಣತಿದ್ದಿಲ್ಲ" ಎಂದರು. ಆಕೆ ಮತ್ತೊಮ್ಮೆ ತಂದ ಚಹಾವನ್ನು ಕೂತೇ ಕುಡಿದರು. ನಾನು ಹಿಂದೆ ಟ್ರ್ಯಾಕ್ಟರಿನ ಮರೆಗೆ ಹೋಗಿ ಕಣ್ಣು ಒರೆಸಿಕೊಂಡೆ. ಮೆಣಸಿನಕಾಯಿಯ ಘಾಟು ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಖೋಲಿ ಖಾಲಿಯಾಯಿತು. ಉಳಿದ ಮಷೀನುಗಳು ಬೇಕು ಅಂದವರ ಮನೆ ಸೇರಿದವು. ಅದಕ್ಕೂ ನನ್ನದೇ ಕಾರು! ಒಂದನ್ನು ಸಾವಳಗಿಯ ಅಜ್ಜಿ ತನ್ನ ದೇವರಿಗೆ ಜೋಡಿಯಾಯಿತು ಎಂದು ಇಟ್ಟುಕೊಂಡಳು. ಬನಹಟ್ಟಿಯ ಮಷೀನು ಮಾತ್ರ ಉಳಿಯಿತು. ಅದು ಇನ್ನು ಚಾಲೂ ಆಗಲಿಕ್ಕಿಲ್ಲ, ಹುಣಸೆಹಣ್ಣು ಅದರ ಕೆಲಸ ಮುಗಿಸಿರಬೇಕು. ಮಾಮಾ ಸ್ವಿಚ್ ಹಾಕಿ ನೋಡುವ ಗೋಜಿಗೂ ಹೋಗಿಲ್ಲ.

ದೀಪಾವಳಿ ಅಮಾವಾಸ್ಯೆಯ ಸಂಜೆ ಹೊಸ ಸುಣ್ಣದ ವಾಸನೆಯ ಆ ಖೋಲಿಯಲ್ಲಿ ಅಕ್ಕ ಪೂಜೆಗೆ ಇಟ್ಟಳು. ಮಾತು ಕೊಟ್ಟಂತೆ ಮಷೀನನ್ನು ಮಣೆಯ ಮೇಲೆ ಕೂರಿಸಿ, ಹೂವು ಏರಿಸಿ, ವಿಭೂತಿಯ ಬಟ್ಟಲನ್ನು ಮಾಮಾನ ಮುಂದೆ ಹಿಡಿದಳು. "ನೀವ ಹಚ್ಚರಿ. ನಿಮ್ಮ ಅವ್ವಂದು." ಮಾಮಾ ಮೂರು ಬೆರಳು ಅದ್ದಿದರು. ಆಮೇಲೆ ನಡುವಿನ ಬೆರಳನ್ನು ಸ್ವಲ್ಪ ಮಡಚಿ, ಹಳೆಯ ಗೆರೆಗಳ ಮೇಲೇ ಸಾವಕಾಶ ಎಳೆದರು. ನಡುವಿನ ಗೆರೆ ಅರ್ಧಕ್ಕೆ ಬಂದು ನಿಂತಿತು. ಅಕ್ಕ ಅದನ್ನು ನೋಡುತ್ತ ನಿಂತಳು. ಆಕೆ ಕಾಣದ ಅತ್ತೆ ಅಷ್ಟು ಹೊತ್ತಿಗೆ ಮನೆಯೊಳಗೆ ಬಂದಿದ್ದಳು.

"ಬಾರಲೇ ಮಾಸ್ತರ, ನೀನೂ ಬಾ" ಎಂದು ನನ್ನನ್ನು ಕರೆದರು. ಅದೇ ಮಡಚಿದ ಬೆರಳಿನಿಂದ ನನ್ನ ಹಣೆಗೂ ಹಚ್ಚಿದರು.

ಮನೆಗೆ ಹೊರಡುವಾಗ ಕಾರಿನ ಕನ್ನಡಿಯಲ್ಲಿ ನೋಡಿಕೊಂಡೆ. ಓಣಿಯಲ್ಲಿ ನನ್ನ ಸಾಲಿಯ ಹುಡುಗರು ಪಟಾಕಿ ಹಚ್ಚುತ್ತಿದ್ದರು. "ಸರ್, ನಿಮ್ಮ ವಿಭೂತಿ ಅರ್ಧಾ ಐತ್ರಿ!" ಎಂದು ಒಬ್ಬ ಕೂಗಿದ. ಬೆರಳು ತಾನಾಗಿ ಬಾಯಿಯ ತನಕ ಹೋಯಿತು. ಕೈ ಕೆಳಗಿಳಿಸಿ, ಹಾಗೆಯೇ ಮನೆಗೆ ಹೋದೆ.